ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್: ಎಚ್‌ಎಂಪಿವಿ ಬಂದ ಮನೆಗೆ ಎಷ್ಟು ನೆರವು?

ರಾಯಚೂರಿನ ತೀನ್ ಕಂದೀಲ್ ಬಳಿಯ ಮೆಡಿಕಲ್ ಅಂಗಡಿಯೊಂದರಲ್ಲಿ ಕೊಂಡ, ರಕ್ತದ ಆಮ್ಲಜನಕ ತೋರಿಸುವ ಪಲ್ಸ್ ಆಕ್ಸಿಮೀಟರನ್ನು ಕಳೆದ ಚಳಿಗಾಲದಿಂದ ನಮ್ಮ ಮನೆಯಲ್ಲಿ ಬಳಸುತ್ತಿದ್ದೇವೆ. ಬೆಲೆ ಸಾವಿರ ರೂಪಾಯಿಯ ಒಳಗೇ ಇತ್ತು. ಕೈಗೂಸಿನಿಂದ ಹಿಡಿದು ಎಪ್ಪತ್ತು ದಾಟಿದ ಹಿರಿಯರವರೆಗೆ ಎಲ್ಲರೂ ಒಂದೇ ಸೂರಿನಡಿ ಇರುವ ಕುಟುಂಬ ನಮ್ಮದಾದ್ದರಿಂದ, ಹ್ಯೂಮನ್ ಮೆಟಾನ್ಯುಮೋವೈರಸ್, ಅಂದರೆ ಎಚ್‌ಎಂಪಿವಿಯಂತಹ ಉಸಿರಾಟದ ಸೋಂಕು ಮನೆಯೊಳಗೆ ಬಂದಾಗ ಈ ಉಪಕರಣ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬ ದೃಷ್ಟಿಯಿಂದ ಮಾತ್ರ ಇದನ್ನು ಪರಿಶೀಲಿಸಿದ್ದೇನೆ.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಈ ವೈರಸ್ ಪತ್ತೆಯಾದಾಗ ಹೊಸ ರೋಗವೇ ಬಂದಿತೆಂದು ಅನೇಕರು ಗಾಬರಿಗೊಂಡರು. ಆದರೆ ನೆದರ್ಲೆಂಡ್ಸಿನ ವಿಜ್ಞಾನಿಗಳು ಇದನ್ನು 2001ರಲ್ಲಿಯೇ ಗುರುತಿಸಿದ್ದರು. ಐದು ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮಕ್ಕಳಿಗೆ ಇದು ಒಮ್ಮೆಯಾದರೂ ತಗಲಿರುತ್ತದೆ. ಸೋಂಕು ತಗಲಿದ ಮೂರರಿಂದ ಆರು ದಿನಗಳಲ್ಲಿ ನೆಗಡಿ, ಕೆಮ್ಮು, ಜ್ವರ ಕಾಣಿಸಿಕೊಳ್ಳುತ್ತವೆ. ಉಸಿರಾಟದ ಇನ್ನೊಂದು ವೈರಸ್ಸಾದ ಆರ್‌ಎಸ್‌ವಿ ಹಾಗೂ ಫ್ಲೂ ಜ್ವರದ ಲಕ್ಷಣಗಳೂ ಹೆಚ್ಚುಕಡಿಮೆ ಇವೇ ಆಗಿರುವುದರಿಂದ, ಮೂಗು ಅಥವಾ ಗಂಟಲಿನ ದ್ರವವನ್ನು ಪರೀಕ್ಷಿಸದ ಹೊರತು ಯಾವುದೆಂದು ಖಚಿತವಾಗಿ ಹೇಳಲು ವೈದ್ಯರಿಗೂ ಆಗದು. ಲಸಿಕೆಯಾಗಲಿ ನಿರ್ದಿಷ್ಟ ಔಷಧವಾಗಲಿ ಇಲ್ಲ. ವೈರಸ್ಸಿನ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಆದ್ದರಿಂದ ರೋಗದ ಹೆಸರು ಯಾವುದೇ ಇರಲಿ, ಮನೆಯವರು ಕಾಯಬೇಕಾದದ್ದು ಉಸಿರನ್ನು.

ದೊಡ್ಡವರ ಮಟ್ಟಿಗೆ ಉಪಕರಣ ತೃಪ್ತಿಕರವಾಗಿದೆ. ಕೆಂಪು ಮತ್ತು ಅವಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ರಕ್ತದಲ್ಲಿರುವ ಆಮ್ಲಜನಕವನ್ನು ಅಂದಾಜು ಮಾಡುವ ಇದು, ಕೈ ಬೆಚ್ಚಗಿದ್ದು ಅಲುಗಾಡದಿದ್ದರೆ ಅರ್ಧ ನಿಮಿಷದಲ್ಲಿ ಸ್ಥಿರವಾದ ಅಂಕಿ ಕೊಡುತ್ತದೆ. ಸಾಮಾನ್ಯವಾಗಿ ಇದು ಶೇಕಡಾ 95ರಿಂದ 100 ಇರಬೇಕು. 94ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕಾಣಬೇಕು, 90ಕ್ಕಿಂತ ಕಡಿಮೆಯಾದರೆ ರಾಯಚೂರಿನ ರಿಮ್ಸ್‌ನಂತಹ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೊರಡಬೇಕು. ಚಳಿಗೆ ತಣ್ಣಗಾದ ಬೆರಳು, ಗಾಢ ಬಣ್ಣದ ಉಗುರುಬಣ್ಣ, ನೇರ ಬಿಸಿಲು ಇವೆಲ್ಲ ಲೆಕ್ಕ ತಪ್ಪಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಎಚ್ಚರಿಸಿತ್ತು. ನಮ್ಮ ಸೀಮೆಯವರು ಅವಶ್ಯವಾಗಿ ತಿಳಿದಿರಬೇಕಾದ ಈ ಮಾತು ಡಬ್ಬಿಯ ಜೊತೆ ಬಂದ ಸೂಚನಾಪತ್ರದಲ್ಲಿ ಇರಲಿಲ್ಲ. ಆ ಪತ್ರದಲ್ಲಿ ಕನ್ನಡದ ಒಂದಕ್ಷರವೂ ಇಲ್ಲವೆಂಬುದು ಬೇರೆ ಮಾತು.

ಹಸುಗೂಸಿನ ವಿಷಯದಲ್ಲಿ ಮಾತ್ರ ಇದು ಬಹುತೇಕ ನಿರುಪಯುಕ್ತ. ದೊಡ್ಡವರ ಅಳತೆಯ ಕ್ಲಿಪ್ ಪುಟ್ಟ ಬೆರಳಿಗೆ ಕೂಡುವುದೇ ಇಲ್ಲ, ಮಗು ಕೈ ಒದರಿದೊಡನೆ ಅಂಕಿ ಏರುಪೇರಾಗುತ್ತದೆ. ಆಸ್ಪತ್ರೆಗಳಲ್ಲಿ ಶಿಶುಗಳ ಪಾದಕ್ಕೆ ಸುತ್ತುವ ಪ್ರತ್ಯೇಕ ಪಟ್ಟಿ ಇರುವುದು ಈ ಕಾರಣಕ್ಕಾಗಿಯೇ. ಮನೆಯಲ್ಲಿ ಇದಕ್ಕಿಂತ ಭರವಸೆಯ ವಿಧಾನವೆಂದರೆ, ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಎದೆ ಮತ್ತು ಹೊಟ್ಟೆಯ ಏರಿಳಿತವನ್ನು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದ ಮಕ್ಕಳಿಗೆ 40 ಅಥವಾ ಅದಕ್ಕೂ ಹೆಚ್ಚು ಉಸಿರು ಬಂದರೆ ಅದು ವೇಗದ ಉಸಿರಾಟ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ತುಟಿ ನೀಲಿಗಟ್ಟಿದರೆ, ಕೂಸು ಹಾಲು ಕುಡಿಯಲಾರದೆ ಮಂಕಾದರೆ ಆಕ್ಸಿಮೀಟರಿನಲ್ಲಿ 97 ಇದ್ದರೂ ನಂಬಿ ಕೂರಬಾರದು.

ಇನ್ನೊಂದು ದೋಷ ಉಪಕರಣದ್ದಲ್ಲ, ಬಳಸುವವರದು. ಕೆಮ್ಮಿದಾಗ ಸಿಡಿಯುವ ಹನಿಗಳಿಂದಲ್ಲದೆ ಕೈ ಹಾಗೂ ಮುಟ್ಟಿದ ವಸ್ತುಗಳಿಂದಲೂ ಈ ವೈರಸ್ ಹರಡುತ್ತದೆ. ಹೀಗಿರುವಾಗ ಒಂದೇ ಕ್ಲಿಪ್ಪನ್ನು ಒರೆಸದೆ ಮನೆಮಂದಿಯ ಬೆರಳಿಗೆಲ್ಲ ಸಿಕ್ಕಿಸುತ್ತ ಹೋದರೆ ಅದೇ ಸೋಂಕಿನ ವಾಹನವಾಗುತ್ತದೆ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒಳಗಿನ ರಬ್ಬರನ್ನು ಪ್ರತಿಸಲವೂ ಒರೆಸಬೇಕು. ಸೋಪಿನಿಂದ 20 ಸೆಕೆಂಡು ಕೈತೊಳೆಯುವುದು, ನೆಗಡಿಯಾದವರು ಕೂಸನ್ನು ಮುದ್ದಿಸದಿರುವುದು, ಕಿಟಕಿ ತೆರೆದಿಡುವುದು ಹೇಗೂ ಇದ್ದದ್ದೇ.

ಆಸ್ತಮಾ, ಹೃದ್ರೋಗ ಇರುವವರು ಅಥವಾ ವೃದ್ಧರು ಮನೆಯಲ್ಲಿದ್ದರೆ ಇದನ್ನು ಧಾರಾಳವಾಗಿ ಕೊಳ್ಳಬಹುದು. ಬಳಸದಿರುವಾಗ ಬ್ಯಾಟರಿ ತೆಗೆದಿಟ್ಟರೆ ಬಾಳಿಕೆ ಬರುತ್ತದೆ. ಎಳೆಗೂಸಿಗಾಗಿ ಮಾತ್ರ ಎಂದಾದರೆ ಇದರ ಬದಲು ಒಳ್ಳೆಯ ಡಿಜಿಟಲ್ ಥರ್ಮಾಮೀಟರ್ ಕೊಳ್ಳುವುದು ಲೇಸು.