ಬದಿಯಡ್ಕದ ಅಂಗಡಿಯೊಂದರಲ್ಲಿ ಬ್ರೌಸರಿಗೆ ಸಿಕ್ಕ ಚಿಕಿತ್ಸೆ

ಅಡಿಕೆ ಧಾರಣೆ ನೋಡಲು ಒಂದು ಪುಟ ತೆರೆದರೂ ನಮ್ಮ ಮನೆಯ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಸ್ತಬ್ಧವಾಗುತ್ತಿತ್ತು. ಮೌಸಿನ ಬಾಣ ಕದಲುತ್ತಿರಲಿಲ್ಲ, ಫ್ಯಾನಿನ ಸದ್ದು ಮಾತ್ರ ಏರುತ್ತಿತ್ತು. ಮೊದಲು ವಿಚಾರಿಸಿದ ಕಡೆ ಹೊಸದನ್ನೇ ಕೊಳ್ಳಲು ಹೇಳಿದ್ದರಿಂದ, ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಈ ಚಿಕ್ಕ ಕಂಪ್ಯೂಟರ್ ದುರಸ್ತಿ ಅಂಗಡಿಗೆ ಹೆಚ್ಚು ಭರವಸೆಯಿಲ್ಲದೆಯೇ ಹೋಗಿದ್ದೆ.

ಅಲ್ಲಿನ ಯುವಕ ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡುವ ಮಾತನ್ನೇ ಎತ್ತಲಿಲ್ಲ. ಕ್ರೋಮ್ ಬ್ರೌಸರ್ ತೆರೆದು ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬ್ರೌಸರಿನದೇ ಟಾಸ್ಕ್ ಮ್ಯಾನೇಜರ್, ಅಂದರೆ ಯಾವುದು ಎಷ್ಟು ಮೆಮೊರಿ ಬಳಸುತ್ತಿದೆ ಎಂದು ತೋರಿಸುವ ಪಟ್ಟಿ, ಕಾಣಿಸಿಕೊಂಡಿತು. 2008ರಲ್ಲಿ ಬಂದಾಗಿನಿಂದಲೂ ಈ ಬ್ರೌಸರ್ ಟ್ಯಾಬ್‌ಗಳನ್ನು ಪ್ರತ್ಯೇಕ ಪ್ರಕ್ರಿಯೆಗಳಾಗಿ ನಡೆಸುವುದರಿಂದ ಒಂದು ಪುಟ ಕೆಟ್ಟರೆ ಉಳಿದವು ಬದುಕುತ್ತವೆ, ಆದರೆ ಅದಕ್ಕೆ ಮೆಮೊರಿ ಹೆಚ್ಚು ಬೇಕಾಗುತ್ತದೆ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಪಟ್ಟಿಯನ್ನು ಮೆಮೊರಿಯ ಕ್ರಮದಲ್ಲಿ ಜೋಡಿಸಿದಾಗ ಮೇಲೆ ನಿಂತದ್ದು ಯಾವ ಪುಟವೂ ಅಲ್ಲ, ಮಗಳು ಎಂದೋ ಸೇರಿಸಿ ಮರೆತಿದ್ದ, ಬ್ರೌಸರಿಗೆ ಹೆಚ್ಚುವರಿ ಸೌಲಭ್ಯ ಕೊಡುವ ಒಂದು ಎಕ್ಸ್‌ಟೆನ್ಶನ್. ಕಾರಣ ಕಣ್ಣೆದುರೇ ಕಂಡದ್ದು ನನಗೆ ನಿಜಕ್ಕೂ ಸಮಾಧಾನ ತಂದಿತು.

ಅದನ್ನು ತೆಗೆದುಹಾಕಿ, ಸೆಟ್ಟಿಂಗ್ಸ್‌ನಲ್ಲಿ ಬಳಸದ ಟ್ಯಾಬ್ ಹಿಡಿದಿಟ್ಟ ಮೆಮೊರಿಯನ್ನು ಬಿಡಿಸುವ ಮೆಮೊರಿ ಸೇವರ್ ಚಾಲೂ ಮಾಡಿ, ಬ್ರೌಸರ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಆ್ಯಪ್‌ಗಳು ಓಡುವ ಆಯ್ಕೆಯನ್ನು ನಿಲ್ಲಿಸಿದರು. ಬಹಳ ಹೊತ್ತು ಬಳಸದ ಟ್ಯಾಬ್‌ಗೆ ಮರಳಿದರೆ ಈಗ ಪುಟ ಮತ್ತೆ ಲೋಡ್ ಆಗುತ್ತದೆ. ಅರ್ಧ ತುಂಬಿದ ಅರ್ಜಿಗಳಿದ್ದಾಗ ಎಚ್ಚರ ಬೇಕು ಎಂಬುದನ್ನೂ ಅವರೇ ಮೊದಲು ತಿಳಿಸಿದರು. ಉಳಿಸಿಟ್ಟ ಪಾಸ್‌ವರ್ಡ್, ಬುಕ್‌ಮಾರ್ಕ್ ಯಾವುದೂ ಹೋಗಲಿಲ್ಲ.

ಅಂಗಡಿಯಲ್ಲಿ ಕುಳಿತುಕೊಳ್ಳಲು ಒಂದೇ ಕುರ್ಚಿಯಿದೆ, ಸಂಜೆ ಜನ ಹೆಚ್ಚು. ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಎಲ್ಲವನ್ನೂ ಕನ್ನಡದಲ್ಲೇ ಹೇಳಿಕೊಡುತ್ತಾರೆ.