ನೋಂದಣಿ ಬೇಡದ ಬ್ಯಾಟರಿ ಸೈಕಲ್: ಎಂಟು ತಿಂಗಳ ಬಳಕೆಯ ನಂತರ

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಕಳೆದ ದೀಪಾವಳಿಯ ಹೊತ್ತಿಗೆ ಕೊಂಡ ಬ್ಯಾಟರಿ ಸೈಕಲ್ಲಿನಲ್ಲಿ ಕ್ಯಾತ್ಸಂದ್ರದ ಮನೆಯಿಂದ ಟೌನ್‌ಹಾಲ್ ಬಳಿಯ ಕಚೇರಿಗೆ ಎಂಟು ತಿಂಗಳಿನಿಂದ ಓಡಾಡುತ್ತಿದ್ದೇನೆ. ಸೈಕಲ್ಲಿನ ಮೇಲೆ ನನಗೆ ದೊಡ್ಡ ದೂರುಗಳಿಲ್ಲ. ಮಾರುವಾಗ ಅಂಗಡಿಯವರು ಆಡಿದ ಮಾತುಗಳ ಮೇಲೆ ಇವೆ.

ಪೆಡಲ್ ತುಳಿಯುತ್ತಾ ಹೋದರೆ ಒಂದು ಚಾರ್ಜಿಗೆ ಸುಮಾರು 30 ಕಿ.ಮೀ., ಥ್ರಾಟಲ್ ತಿರುವಿ ಸುಮ್ಮನೆ ಕೂತರೆ 20ರ ಆಸುಪಾಸು ಬರುತ್ತದೆ. ಅಂಗಡಿಯವರು ಹೇಳಿದ್ದು 45. ಮೋಟಾರು ಹಿಂದಿನ ಚಕ್ರದ ಗುಂಬದಲ್ಲೇ ಇರುವುದರಿಂದ ಪಂಕ್ಚರ್ ಹಾಕುವವರು ವೈರು ನೋಡಿದೊಡನೆ ಕೈ ಹಿಂದೆಗೆಯುತ್ತಾರೆ. ಎರಡು ಸಲ ನಾನೇ ನಟ್ಟು ಬಿಚ್ಚಿ ಚಕ್ರ ಕೊಟ್ಟಿದ್ದೇನೆ. ಇದಿಷ್ಟನ್ನು ಬಿಟ್ಟರೆ, ಕ್ಯಾರಿಯರ್ ಮೇಲೆ ತಟ್ಟೆ ಇಡ್ಲಿಯ ಪೊಟ್ಟಣ ಕಟ್ಟಿಕೊಂಡು ಬೆವರದೆ ಕಚೇರಿ ತಲುಪುವುದಕ್ಕೆ ಇದಕ್ಕಿಂತ ಒಳ್ಳೆಯ ವಾಹನವನ್ನು ನಾನು ಕಂಡಿಲ್ಲ.

"ಆರ್‌ಟಿಒ ಗೊಡವೆಯೇ ಇಲ್ಲ ಸಾರ್, ಎಲ್ಲಿ ಬೇಕಾದರೂ ಓಡಿಸಿ" ಎಂದು ಅಂಗಡಿಯವರು ಹೇಳಿದ್ದರಲ್ಲಿ ಮೊದಲರ್ಧ ಮಾತ್ರ ನಿಜ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮೋಟಾರಿನ ಅರ್ಧ ಗಂಟೆಯ ಶಕ್ತಿ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ ಇದ್ದರೆ ಅಂಥದ್ದು ಮೋಟಾರು ವಾಹನ ಎನಿಸುವುದಿಲ್ಲ. ಹಾಗಾಗಿ ನೋಂದಣಿಯಾಗಲಿ, ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಆದರೆ ಮಾರಾಟ ಮುಗಿದ ಮೇಲೆ ಅದೇ ವ್ಯಕ್ತಿ ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿನ ಬಿಳಿ ವೈರಿನ ಜೋಡಣೆಯೊಂದನ್ನು ಬೆರಳಿನಿಂದ ತೋರಿಸಿ, "ಇದನ್ನು ಬಿಚ್ಚಿದರೆ 35 ಹೋಗುತ್ತೆ, ಬಿಚ್ಚಲಾ?" ಎಂದು ಕೇಳಿದರು. ಹಾಗೆ ಬಿಚ್ಚಿದ ಕ್ಷಣದಿಂದ ಆ ವಿನಾಯಿತಿ ಹೋಗಿ, ಅದೇ ಸೈಕಲ್ಲು ನಂಬರ್ ಪ್ಲೇಟು, ವಿಮೆ, ಪರವಾನಗಿ ಬೇಕಾದ ವಾಹನವಾಗುತ್ತದೆಂಬುದನ್ನು ಅವರು ಹೇಳಲಿಲ್ಲ. ನಾನು ಕೇಳಿದಾಗ ಸಿಕ್ಕಿದ್ದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ.

"ಎಲ್ಲಿ ಬೇಕಾದರೂ" ಎಂಬ ಎರಡನೆಯ ಅರ್ಧ ಕೆರೆ ದಂಡೆಯ ನಡಿಗೆ ಪಥದಲ್ಲಿ ಸುಳ್ಳಾಯಿತು. ಹಳೆಯ ಸೈಕಲ್ಲನ್ನು ಎಂದೂ ತಡೆಯದ ಕಾವಲುಗಾರರು, "ಇದು ಬ್ಯಾಟರಿ ಗಾಡಿ, ಒಳಗೆ ಬಿಡಲ್ಲ" ಎಂದರು. ಮೋಟಾರು ಆಫ್ ಮಾಡಿ ತುಳಿದುಕೊಂಡು ಹೋಗುತ್ತೇನೆಂದರೂ ಒಪ್ಪಲಿಲ್ಲ. ಆಗ ಸಿಟ್ಟು ಬಂದದ್ದು ನಿಜ, ಆದರೆ ನೋಂದಣಿಯಿಂದ ವಿನಾಯಿತಿ ಸಿಕ್ಕಿದ ಮಾತ್ರಕ್ಕೆ ವಾಯುವಿಹಾರಿಗಳ ದಾರಿಯಲ್ಲಿ ಹಕ್ಕು ಸಿಕ್ಕಂತಾಗುವುದಿಲ್ಲ. ಆ ದಾರಿಗೆ ಯಾರು ಬರಬೇಕೆಂಬುದನ್ನು ಅದನ್ನು ನೋಡಿಕೊಳ್ಳುವವರು ತೀರ್ಮಾನಿಸುತ್ತಾರೆ. ಸದ್ದಿಲ್ಲದೆ ಹಿಂದಿನಿಂದ ಬರುವ ಗಾಡಿಗೆ ಮೊಮ್ಮಗುವಿನ ಕೈ ಹಿಡಿದ ಅಜ್ಜಿ ಹೇಗೆ ದಾರಿ ಬಿಟ್ಟಾರು? ಸಿಂಗಪುರದಲ್ಲಿ 2019ರ ನವೆಂಬರಿನಿಂದ ಪಾದಚಾರಿ ಮಾರ್ಗಗಳಲ್ಲಿ ನಿಂತು ಓಡಿಸುವ ಪುಟ್ಟ ಇ-ಸ್ಕೂಟರ್ ನಿಷೇಧಿಸಿ, ಸೈಕಲ್ ಪಥಗಳಲ್ಲಿ 25 ಕಿ.ಮೀ. ಮಿತಿಯೊಳಗೆ ಮಾತ್ರ ಬಿಟ್ಟಿದ್ದಾರೆ. ನಮ್ಮಲ್ಲಿ ಗೇಟಿನ ಫಲಕದಲ್ಲಿ "ವಾಹನಗಳಿಗೆ ಪ್ರವೇಶವಿಲ್ಲ" ಎಂದಷ್ಟೇ ಇದೆ. ಬ್ಯಾಟರಿ ಸೈಕಲ್ಲು ವಾಹನವೋ ಅಲ್ಲವೋ ಎಂಬುದು ಆ ದಿನದ ಕಾವಲುಗಾರರ ವಿವೇಚನೆಗೆ ಬಿಟ್ಟದ್ದು. ಗಂಟೆಗೆ ಇಷ್ಟು ವೇಗ ಎಂದು ಬರೆದಿದ್ದರೆ ಅವರಿಗೂ ನನಗೂ ಜಗಳವಿರುತ್ತಿರಲಿಲ್ಲ.

ಸರ್ವಿಸಿನ ವಿಷಯದಲ್ಲಿ ಅಂಗಡಿಯವರಿಗೆ ಅಂಕ ಕೊಡಲೇಬೇಕು. ನಾಲ್ಕನೆಯ ತಿಂಗಳು ಬ್ರೇಕ್ ಹಿಡಿಯೊಳಗಿನ ಸ್ವಿಚ್ಚು ಕೆಟ್ಟು, ಬ್ರೇಕ್ ಒತ್ತಿದರೂ ಮೋಟಾರು ಎಳೆಯುತ್ತಲೇ ಇತ್ತು. ಅರ್ಧ ಗಂಟೆಯಲ್ಲಿ ಹಣ ಕೇಳದೆ ಬದಲಿಸಿಕೊಟ್ಟರು. ಕೊಳ್ಳುವವರು ಮೋಟಾರಿನ ವ್ಯಾಟ್ ಮತ್ತು ಗರಿಷ್ಠ ವೇಗವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆ ಸೈಕಲ್ಲು ಆ ವಿನಾಯಿತಿಯ ಮಿತಿಯೊಳಗಿದೆ ಎಂದು ಕೊಟ್ಟ ಪ್ರಮಾಣಪತ್ರದ ನಕಲನ್ನೂ ಕೇಳಿ. ನನ್ನ ಬಿಲ್ಲಿನಲ್ಲಿ "ಬ್ಯಾಟರಿ ಸೈಕಲ್, 1" ಎಂದಷ್ಟೇ ಇತ್ತು. ನಕಲು ಕೈಗೆ ಬಂದದ್ದು ಮೂರನೆಯ ಸಲ ಹೋಗಿ ಕೂತಾಗ.