ದಹಬ್‌ನ ಲಗೂನಾ ದಂಡಿಗೆ ವಿಂಡ್‌ಸರ್ಫಿಂಗ್: ಗದಗಿನಿಂದ ಹೋಗಿ ಬಂದ ನಮ್ಮ ಅನುಭವ

ಐದಕ್ಕ ನಾಲ್ಕೂವರಿ ಸ್ಟಾರ್ ಕೊಡಾಕತ್ತೇನಿ, ಅರ್ಧ ಯಾಕ ಕಡದೇನಿ ಅನ್ನೂದು ಮುಂದ ಬರತೈತಿ. ಇದು ಈಜಿಪ್ಟಿನ ದಹಬ್ ಊರಾಗ ಲಗೂನಾ ದಂಡಿಗಿರೂ ಒಂದು ವಿಂಡ್‌ಸರ್ಫಿಂಗ್ ಸೆಂಟರಿನ ಬಗ್ಗೆ. ವಿಂಡ್‌ಸರ್ಫಿಂಗ್ ಅಂದ್ರ ಹಾಯಿ ಹಚ್ಚಿದ ಬೋರ್ಡಿನ ಮ್ಯಾಲ ನಿಂತು ಗಾಳಿ ಹಿಡದು ನೀರಮ್ಯಾಲ ಓಡೂ ಆಟ. ಬೋರ್ಡು ಬಾಡಿಗಿ ಕೊಡತಾರ, ಕಲಸ್ತಾರ, ನೀರಾಗ ಸಿಕ್ಕೊಂಡ್ರ ಬೋಟ್ ತಂದು ಎಳಕೊಂಡು ಬರತಾರ. ಆ ದಂಡಿಮ್ಯಾಲ ಇಂಥಾ ಸೆಂಟರ್ ಸುಮಾರು ಅದಾವು. ಹೆಸರು ಹಾಕಾಂಗಿಲ್ಲ, ಯಾಕಂದ್ರ ಒಂದು ದೂರೂ ಬರಿಯೂದೈತಿ. ಆದ್ರ ಯಾವದ ಸೆಂಟರ್ ಆರಿಸಿದ್ರೂ ಮದ್ಲ ಏನ್ ನೋಡಬೇಕು ಅನ್ನೂದು ಇದನ್ನ ಓದಿದ್ರ ತಿಳೀತೈತಿ. ನಾವು ಪ್ಲಾನ್ ಮಾಡೂವಾಗ ಕನ್ನಡದಾಗ ಹುಡುಕಿ ಹುಡುಕಿ ಸಾಕಾತು, ಏನೂ ಸಿಗಲಿಲ್ಲ, ಅದಕ್ಕ ಉದ್ದ ಬರಿಯಾಕತ್ತೇನಿ.

ನಮ್ಮೂರು ಗದಗ. ಸಮುದ್ರ ಇಲ್ಲ, ಆದ್ರ ಗಾಳಿ ನಮಗ ಚಲೋ ಗೊತ್ತೈತಿ. ಕಪ್ಪತಗುಡ್ಡದ ಮ್ಯಾಲ ಗಾಳಿ ಫ್ಯಾನ್ ತಿರಗೂದು ನೋಡಕೋತನ ದೊಡ್ಡವ್ರಾಗೇವಿ, ಆಷಾಢದಾಗ ಬಾಗಲಾ ತಗದ್ರ ಗ್ವಾಡಿಮ್ಯಾಲಿನ ಕ್ಯಾಲೆಂಡರ್ ಹಾರಿ ಅಡಗಿಮನಿಗೆ ಬೀಳತೈತಿ. ನನ್ನ ತಮ್ಮ ಎರಡ ಚಳಿಗಾಲ ಗೋವಾಕ್ಕ ಹೋಗಿ ವಿಂಡ್‌ಸರ್ಫಿಂಗ್ ಕಲತ, ಅವನ ಬೆನ್ನ ಹತ್ತಿ ನಾನೂ ಒಂದು ವಾರ ಕಲತೆ. ತೊಡಕು ಏನಂದ್ರ ನಮ್ಮ ಕಡೆ ಜೋರ ಗಾಳಿ ಬೀಸೂದು ಮಳಿಗಾಲದಾಗ, ಆವಾಗ ಅರಬ್ಬಿ ಸಮುದ್ರ ಕುದಿಯಾಕತ್ತಿರತೈತಿ, ಯಾರೂ ನೀರಿಗೆ ಇಳಿಸೂದಿಲ್ಲ. ಚಳಿಗಾಲದಾಗ ಸಮುದ್ರ ಶಾಂತ, ಗಾಳೀನೂ ಶಾಂತ. ಗಾಳಿ ಇರಬೇಕು, ಮಳಿ ಇರಬಾರದು, ನೀರು ಸಪಾಟ ಇರಬೇಕು ಅಂತ ಹುಡುಕಿದ್ರ ಮರಭೂಮಿ ದಂಡಿನ ಬೇಕಾಗತೈತಿ, ಹಂಗ ದಹಬ್ ಸಿಕ್ತು.

ದಹಬ್ ಅಂದ್ರ ಅರಬ್ಬಿಯೊಳಗ ಬಂಗಾರ. ಮದ್ಲ ಬೆದುಯಿನ್ ಮಂದಿ ಮೀನ ಹಿಡಕೊಂಡು ಇದ್ದ ಊರು. ಹಿಂದ ಸಿನಾಯ್ ಗುಡ್ಡ, ಒಂದು ಗಿಡ ಇಲ್ಲ ಗರಿಕಿ ಇಲ್ಲ, ಮುಂದ ಅಕಬಾ ಕೊಲ್ಲಿ, ಆಚಿ ದಂಡಿಗೆ ಸೌದಿ ಗುಡ್ಡ ಕಾಣತಾವು, ಸಂಜಿಮುಂದ ಅವು ಕೆಂಪಗ ಆಗತಾವು. ಈ ಎರಡೂ ಗುಡ್ಡದ ಸಾಲಿನ ನಡುವ ಕೊಲ್ಲಿ ಓಣಿ ಇದ್ದಂಗ ಐತಿ, ಉತ್ತರದಿಂದ ಬರೂ ಗಾಳಿ ಆ ಓಣ್ಯಾಗ ಒತ್ತಿ ಬರತೈತಿ, ಅದಕ್ಕ ಅಷ್ಟು ಜೋರು. ಊರ ದಕ್ಷಿಣಕ್ಕ ಒಂದು ಉಸಕಿನ ನಾಲಗಿ ಸಮುದ್ರಕ್ಕ ಚಾಚೇತಿ, ಅದರ ಒಳಮೈಗೆ ಇರೂದ ಲಗೂನಾ. ಉಸಕು ತೆರಿ ತಡೀತೈತಿ, ಗಾಳಿ ಮಾತ್ರ ಅದರ ಮ್ಯಾಲೆ ಹಾದು ಬರತೈತಿ. ನೀರು ಉಣಕಲ್ ಕೆರಿಗತೆ ಸಪಾಟ, ಗಾಳಿ ಆಷಾಢದ್ದು. ಕಲಿಯೂ ಮಂದಿಗೆ ಇದಕ್ಕಿಂತ ಚಲೋ ಜಾಗಾ ನಾ ಅಂತೂ ಕಂಡಿಲ್ಲ.

ಈಗ ಪ್ಲಾನಿಂಗ್ ವಿಷಯ. ನಾವು ಮಾಡಿದ ದೊಡ್ಡ ತಪ್ಪು, ಮದ್ಲ ಹುಬ್ಬಳ್ಳ್ಯಾಗಿನ ಒಂದು ಟ್ರಾವೆಲ್ ಆಫೀಸಿಗೆ ಹೋದದ್ದು. ವಿಂಡ್‌ಸರ್ಫಿಂಗ್ ಸಲುವಾಗೇ ಹೊಂಟೇವಿ ಅಂತ ಮೂರ ಸಲ ಹೇಳಿದ್ವಿ, ಹೂಂ ಅಂದ್ರು, ಆಮ್ಯಾಲ ನಮಗ ಬುಕ್ ಮಾಡಿಕೊಟ್ಟಿದ್ದು ಊರ ನಡುವ "ಸೀ ಫೇಸಿಂಗ್" ಹೋಟೆಲ್. ಸಮುದ್ರ ಏನೋ ಮುಂದ ಇತ್ತು, ಆದ್ರ ಅಲ್ಲೆ ದಂಡಿ ಪೂರ್ತಿ ಹವಳದ ಬಂಡಿ, ಕಾಲಿಟ್ರ ಮುಳ್ಳಿನ ಉಂಡಿಯಂಥಾ ಸೀ ಅರ್ಚಿನ್, ಬೋರ್ಡು ಇಳಿಸಾಕ ಬರೂದಿಲ್ಲ. ಲಗೂನಾ ಅಲ್ಲಿಂದ ಎರಡ ಮೂರ ಕಿಲೋಮೀಟರ್. ದಿನಾ ಟ್ಯಾಕ್ಸಿ. ನಾಲ್ಕನೇ ದಿನಕ್ಕ ಆ ರೂಮ್ ಬಿಟ್ಟು ಲಗೂನಾ ಹತ್ರ ಬಂದ್ವಿ, ಉಳಿದ ರೊಕ್ಕ ವಾಪಸ್ ಬರಲಿಲ್ಲ, ಫೋನ್ ಮಾಡಿದ್ರ ಹೋಟೆಲಿನವ್ರನ್ನ ಕೇಳ್ರಿ ಅಂತಾರ, ಹೋಟೆಲಿನವ್ರು ಏಜೆಂಟನ್ನ ಕೇಳ್ರಿ ಅಂತಾರ. ಇದು ನನಗ ಇನ್ನೂ ಸಿಟ್ಟು ಐತಿ. ತಮ್ಮ ಮದ್ಲ ಹೇಳಿದ್ದ, "ಅಕ್ಕಾ, ನೀ ಹೋಟೆಲ್ ಫೋಟೋ ನೋಡಾಕತ್ತಿ, ಗಾಳಿ ಎಲ್ಲಿಂದ ಬರತೈತಿ ನೋಡು, ಬೋರ್ಡು ಎಲ್ಲಿ ಇಳಸ್ತಾರ ನೋಡು, ಹೋಟೆಲ್ ಆಮ್ಯಾಲ." ಅವನ ಮಾತು ಕೇಳಬೇಕಿತ್ತು.

ಸೆಂಟರಿನವ್ರಿಗೆ ತಮ್ಮ ತಾನ ಮೇಲ್ ಹಾಕಿದ್ದ. ಅವತ್ತ ಸಂಜಿಕ ಉತ್ತರ ಬಂತು, ಅದರಾಗ ರೇಟಿನ ಮಾತ ಇಲ್ಲ, ಬರೇ ಪ್ರಶ್ನಿ. ಇಬ್ಬರದೂ ತೂಕ ಎಷ್ಟು, ಇಲ್ಲಿತನಕ ಎಷ್ಟ ದಿನ ನೀರಾಗ ಇಳದೀರಿ, ನೀರಾಗ ಬಿದ್ದಾಗ ಗಾಳಿ ಹಿಡದ ಏಳಾಕ ಬರತೈತೇನು ಇಲ್ಲಾ ಹಗ್ಗ ಜಗ್ಗಿ ಹಾಯಿ ಎತ್ತತೀರೇನು, ಈಜು ಎಷ್ಟು ಬರತೈತಿ. ನಾವು ಡಿಸೆಂಬರ್ ಅಂತ ಬರದಿದ್ವಿ, ಆವಾಗ ಗಾಳಿಲ್ಲದ ದಿನ ಜಾಸ್ತಿ, ನಿಮಗ ಬ್ಯಾಸರ ಆಗತೈತಿ, ಸಪ್ಟೆಂಬರಿಗೆ ಬರ್ರಿ ಅಂತ ಅವರ ಹೇಳಿದ್ರು. ಬರೂ ಗಿರಾಕಿನ್ನ ಮೂರ ತಿಂಗಳ ಮದ್ಲ ಬರ್ರಿ ಅನ್ನಾಕ ಅವರಿಗೇನೂ ಲಾಭ ಇಲ್ಲ. ವಾರದ ಪೂರ್ತಿ ಕ್ಲಾಸಿಗೆ ಮದ್ಲ ರೊಕ್ಕ ಕಟ್ಟಬ್ಯಾಡ್ರಿ, ಒಂದ ದಿನ ನೋಡ್ರಿ, ಆಮ್ಯಾಲ ಎಷ್ಟ ಬೇಕೋ ಅಷ್ಟ ತಗೋರಿ ಅಂತ ಕೂಡ ಬರದಿದ್ರು. ನಾಲ್ಕೂವರಿಯೊಳಗ ಎರಡು ಈ ಮೇಲಿಗೇ ಹೋಗತಾವು ನೋಡ್ರಿ.

ಹೋಗೂ ದಾರಿ ಹೇಳತೇನಿ. ಹುಬ್ಬಳ್ಳಿಯಿಂದ ಮುಂಬೈಗೆ ವಿಮಾನ, ಮುಂಬೈಯಿಂದ ಕೈರೋ, ಕೈರೋದಿಂದ ಶರ್ಮ್ ಎಲ್ ಶೇಖ್ ಒಂದ ತಾಸು, ಅಲ್ಲಿಂದ ಸುಮಾರು 90 ಕಿಲೋಮೀಟರ್ ಗುಡ್ಡದ ನಡುವಿನ ರಸ್ತೆ. ಆ ರಸ್ತ್ಯಾಗ ಚೆಕ್‌ಪೋಸ್ಟ್ ಅದಾವು, ಪಾಸ್‌ಪೋರ್ಟ್ ಕೇಳತಾರ, ಬ್ಯಾಗಿನ ತಳಕ್ಕ ಇಡಬ್ಯಾಡ್ರಿ. ಸೆಂಟರಿನವ್ರೇ ಗಾಡಿ ಕಳಿಸಿದ್ರು, ವಿಮಾನ ತಡ ಆದ್ರೂ ಡ್ರೈವರ್ ಕಾದಿದ್ದ.

ಮದ್ಲನೇ ದಿನದ್ದು ಒಂದು ಹೇಳಬೇಕು. ಕಲಸೂ ಹುಡುಗ ಅಲ್ಲೀಯವನ, ಬೋರ್ಡು ಮುಟ್ಟಾಕೂ ಬಿಡಲಿಲ್ಲ ನಮಗ. ನೀರ ದಂಡಿಗೆ ಕರಕೊಂಡ ಹೋಗಿ ಬಗ್ಗಿ ಒಂದ ಹಿಡಿ ಒಣ ಉಸಕು ತಗೊಂಡು, ಕೈ ಎದಿಮಟ ಎತ್ತಿ, ಬೊಟ್ಟಿನ ಸಂದ್ಯಾಗಿಂದ ಸಾವಕಾಶ ಬಿಟ್ಟ. ಉಸಕು ನೆಟ್ಟಗ ಬೀಳಲಿಲ್ಲ, ಓರೆ ಆಗಿ ಲಗೂನಾದ ಬಾಯಿ ಕಡೆ ಹಾರಿತು. ಅದನ್ನ ನೋಡಿ ನನಗ ಗಂಟಲ ಕಟ್ಟಿತು. ನಮ್ಮ ಅಜ್ಜ ಜ್ವಾಳದ ರಾಶಿ ತೂರೂ ಮುಂದ ಕಣದಾಗ ನಿಂತು ಇದನ್ನ ಮಾಡತಿದ್ದ, ಹಿಡಿ ಹೊಟ್ಟು ಎತ್ತಿ ಬಿಟ್ಟು ಅದು ಎತ್ತಾಗ ಹೋಗತೈತಿ ನೋಡಿ, ಆಮ್ಯಾಲ ತೂರೂ ಮರ ಹಿಡಿಯಾವ. ಗಾಳಿ ಬರಲಿಲ್ಲಂದ್ರ ಬೇಯಿನ ಗಿಡದ ಕೆಳಗ ಕುಂತು ಕಾಯಾವ, ಯಾರು ಅವಸರ ಮಾಡಿದ್ರೂ ಏಳಾವ ಅಲ್ಲ. ನಾ ಆ ಹುಡುಗಗ ಇದನ್ನ ಹರಕು ಮುರಕು ಇಂಗ್ಲಿಷಿನ್ಯಾಗ ಹೇಳಿದೆ, ಅವ ನನ್ನ ಕೈಗೂ ಒಂದ ಹಿಡಿ ಉಸಕು ಕೊಟ್ಟು ನೀವು ಹೇಳ್ರಿ ಇವತ್ತ ಯಾವ ಸೇಲ್ (ಹಾಯಿ) ಹಾಕೂಣು ಅಂದ. ಅವತ್ತಿನಿಂದ ದಿನಾ ಮುಂಜಾನೆ ನಾನ ಉಸಕು ಬಿಟ್ಟು ನೋಡೂದು, ಅವ ತನ್ನ ಗಾಳಿ ಅಳಿಯೂ ಮಶಿನ್ ಹಿಡದ ಎಷ್ಟ ನಾಟ್ ಅಂತ ಹೇಳೂದು. ಒಂದ ನಾಟ್ ಅಂದ್ರ ತಾಸಿಗೆ 1.85 ಕಿಲೋಮೀಟರ್, 18 ನಾಟ್ ಅಂದ್ರ ಸುಮಾರು 33, ಸ್ಕೂಟಿ ಮ್ಯಾಲ ಹೊಂಟಾಗ ಎದಿಗೆ ಬಡೀತೈತಲ್ಲ, ಅಷ್ಟು.

ಸಾಮಾನಿನ ವಿಷಯ. ಬೋರ್ಡಿಗೆ ಲೀಟರ್ ಲೆಕ್ಕ ಇರತೈತಿ, ಒಂದ ಲೀಟರ್ ಅಂದ್ರ ಹೆಚ್ಚೂ ಕಡಿಮಿ ಒಂದ ಕಿಲೋ ತೇಲಸ್ತೈತಿ ಅನಕೋರಿ. ನಾ 58 ಕಿಲೋ, ನನಗ 150 ಲೀಟರಿನ ಅಗಲ ಬೋರ್ಡು ಕೊಟ್ರು, ಗಾಳಿ ನಿಂತ್ರೂ ಮ್ಯಾಲ ನಿಲ್ಲಾಕ ಬರತಿತ್ತು. ಸೇಲ್ ಮದ್ಲ 3.5 ಚದರ ಮೀಟರಿಂದು, ಮೂರನೇ ದಿನ 4.5. ತಮ್ಮಗ 115 ಲೀಟರ್, 5.3 ಸೇಲ್. ಸೇಲುಗಳು ಹೊಸಾವು, ಹರದಿಲ್ಲ, ಹೊಲಿಗಿ ಗಟ್ಟಿ. ಗಾಳಿ ಏರಿದ್ರ ದಿನಕ್ಕ ಎಷ್ಟ ಸಲ ಬೇಕಾದ್ರೂ ಸಣ್ಣ ಸೇಲ್ ಬದಲಿ ಮಾಡಿಕೊಡತಾರ, ಅದಕ್ಕ ಬ್ಯಾರೆ ರೊಕ್ಕ ಇಲ್ಲ. ಬೂಮ್ ಅಂದ್ರ ಹಾಯಿಗೆ ಅಡ್ಡ ಇರೂ, ಕೈಲೆ ಹಿಡಿಯೂ ಕೋಲು, ಅದರ ಎತ್ತರ ಪ್ರತಿಯೊಬ್ಬರಿಗೂ ಭುಜಕ್ಕ ಹಿಡದ ನೋಡಿ ಬಿಗೀತಿದ್ರು. ಗೋವಾದಾಗ ನನಗ ಯಾರೂ ಹಿಂಗ ಮಾಡಿರಲಿಲ್ಲ, ಅದಕ್ಕ ಅಲ್ಲೆ ಎರಡ ದಿನಕ್ಕ ನಡ ಹಿಡದಿತ್ತು, ಇಲ್ಲೆ ಒಂಬತ್ತ ದಿನ ಏನೂ ಆಗಲಿಲ್ಲ.

ಆರನೇ ದಿನ ಮಧ್ಯಾಹ್ನ ಬರೇ ಕೈ ನೋವು ಅಂತ ಬಿಡೂಣ ಅನಕೊಂಡಿದ್ದೆ, ಆವಾಗ ಹಾರ್ನೆಸ್ ಹುಕ್ ಹಾಕೂದು ಕಲಿಸಿದ. ನಡಕ್ಕ ಪಟ್ಟಿ ಕಟ್ಟಿ ಅದರ ಕೊಕ್ಕಿ ಬೂಮಿನ ಹಗ್ಗಕ್ಕ ಸಿಗಸೂದು, ಹಾಯಿ ಜಗ್ಗೂ ಭಾರ ಎಲ್ಲಾ ನಡಕ್ಕ ಬರತೈತಿ, ಕೈ ಹಗರ. ಮೈ ಹಿಂದ ಒರಗಿಸಿ ಕುಂತಂಗ ಮಾಡಿದೆ, ಬೋರ್ಡು ಸುಮ್ಮ ನೀರಿನ ಮ್ಯಾಲಕ್ಕ ಎದ್ದಬಿಡ್ತು, ಅಡಿಗೆ ಬಡಿಯೂ ನೀರಿನ ಸಪ್ಪಳ ಚಟ ಚಟ ಅಂತ, ಬಿಸಿ ಬಂಡಿ ಮ್ಯಾಲ ನೀರ ಸಿಡಿಸಿದಂಗ. ಇದಕ್ಕ ಪ್ಲೇನಿಂಗ್ ಅಂತಾರ. ಹತ್ತ ಸೆಕೆಂಡ್ ಇರಬೇಕು ಅಷ್ಟ, ನಾ ಒದರಿದ್ದು ದಂಡಿಮಟ ಕೇಳ್ಸೇತಿ ಅಂತ.

ಈಗ ದೂರು. ಮರುದಿನ ತಮ್ಮ ಉಸಕಿನ ನಾಲಗಿ ದಾಟಿ ಹೊರಗಿನ ತೆರಿಗೆ ಹೋಗಿದ್ದ. ಅಲ್ಲೆ ಮಾಸ್ಟ್ (ಹಾಯಿಯ ಕಂಬ) ಮತ್ತ ಬೋರ್ಡು ಕೂಡಸೂ ರಬ್ಬರ್ ಜಾಯಿಂಟ್ ಕಿತ್ತು ಹಾಯಿ ಒಂದ ಕಡೆ, ಬೋರ್ಡು ಒಂದ ಕಡೆ. ಗಾಳಿ ದಕ್ಷಿಣಕ್ಕ ಒಯ್ಯತೈತಿ, ಆ ಕೊಲ್ಲಿ ಬಾಳ ಆಳ. ಅವ ಶ್ಯಾಣ್ಯಾ, ಬೋರ್ಡು ಬಿಡಲಿಲ್ಲ, ಮ್ಯಾಲ ಕುಂತು ಎರಡೂ ಕೈ ಎತ್ತಿ ಬೀಸಿದ. ಹೊರಗ ಹೋಗೂ ಪ್ರತಿಯೊಬ್ಬರ ಹೆಸರು, ಸೇಲ್ ನಂಬರ್, ಹೋದ ಟೈಮ್ ದಂಡಿಮ್ಯಾಲ ಕರೇ ಹಲಗಿಗೆ ಬರದಿರತಾರ, ಒಬ್ಬ ಯಾವಾಗ್ಲೂ ದುರ್ಬೀನ್ ಹಿಡದ ಕುಂತಿರತಾನ. ನಾ ಹುಡುಕಾಡೂದ್ರೊಳಗ ಬೋಟ್ ಹೊಂಟಿತ್ತು, ಕಾಲ ತಾಸಿನ್ಯಾಗ ತಮ್ಮ ದಂಡಿಗೆ ಬಂದ. ಬಂದವನ "ಅಕ್ಕಾ, ಅವ್ವಗ ಹೇಳಬ್ಯಾಡ" ಅಂದ, ನಾ ಹೇಳಿಲ್ಲ ಇನ್ನೂ. ಆ ರಬ್ಬರ್ ಹಳೇದಾಗಿ ಸೀಳ ಬಿಟ್ಟಿತ್ತು, ಮುಂಜಾನೆ ಕೈಲೆ ಬಗ್ಗಿಸಿ ನೋಡಿದ್ರ ಕಾಣತಿತ್ತು. ಅವರ ಒಪ್ಪಿಕೊಂಡ್ರು, ರೊಕ್ಕ ಕೇಳಲಿಲ್ಲ, ಎಲ್ಲಾ ಬೋರ್ಡಿನ ಜಾಯಿಂಟ್ ಅವತ್ತ ಸಂಜಿಕ ನಮ್ಮೆದರ ಚೆಕ್ ಮಾಡಿದ್ರು. ಆದ್ರೂ ಅದು ನೀರಿಗೆ ಹೋಗೂಕಿಂತ ಮದ್ಲ ಆಗಬೇಕಿದ್ದ ಕೆಲಸ, ಅರ್ಧ ಕಡದದ್ದು ಇದಕ್ಕ. ನೀವು ಹೋದ್ರ ಯಾವ ಸೆಂಟರ್ ಇರಲಿ, ಆ ರಬ್ಬರ್ ಬಗ್ಗಿಸಿ ನೋಡದ ಬೋರ್ಡು ಎತ್ತಬ್ಯಾಡ್ರಿ, ಬೋಟ್ ಐತೇನು ಅಂತ ಕೇಳದ ರೊಕ್ಕ ಕೊಡಬ್ಯಾಡ್ರಿ.

ಊಟದ ಚಿಂತಿ ಮಾಡಬ್ಯಾಡ್ರಿ, ನಾವು ಶುದ್ಧ ಶಾಖಾಹಾರಿ, ಉಪಾಸ ಬೀಳಲಿಲ್ಲ. ಫೂಲ್ ಅಂತ ಬೇಯಿಸಿದ ಕಾಳಿನ ಪಲ್ಯಾ ಇರತೈತಿ, ಅದನ್ನ ನಮ್ಮ ಖಡಕ್ ರೊಟ್ಟಿ ಜೋಡಿ ತಿಂದ್ವಿ, ಶೇಂಗಾ ಚಟ್ನಿ ಉದರಿಸಿಕೊಂಡು. ಅದೇ ಕಾಳಿನ ವಡಿ ತಾಮೀಯಾ. ಕೊಶಾರಿ ಅಂದ್ರ ಅನ್ನ, ಬ್ಯಾಳಿ, ಮ್ಯಾಕರೋನಿ, ಕಡ್ಲಿಕಾಳು, ಮ್ಯಾಲ ಕರದ ಉಳ್ಳಾಗಡ್ಡಿ, ಒಂದ ತಾಟು ತಿಂದ್ರ ಸಂಜಿಮಟ ಹಸಿವಿಲ್ಲ. ಗಾಳಿಲ್ಲದ ಒಂದ ದಿನ ಬ್ಲೂ ಹೋಲ್ ಅನ್ನೂ ಸಮುದ್ರದಾಗಿನ ಆಳದ ತಗ್ಗು ನೋಡಿ ಬಂದ್ವಿ, ಅಲ್ಲೆ ಡೈವಿಂಗ್‌ನಾಗ ತೀರಿಕೊಂಡವ್ರ ಹೆಸರಿನ ಕಲ್ಲು ಬಂಡಿಗೆ ಹಚ್ಯಾರ, ಓದಿ ಸುಮ್ಮನ ವಾಪಸ್ ಬಂದ್ವಿ.

ಒಯ್ಯೂದು: ರಬ್ಬರ್ ತಳದ ನೀರಿನ ಬೂಟು, ಪೂರ್ತಿ ತೋಳಿನ ಲೈಕ್ರಾ ಅಂಗಿ, ಅಂಗೈ ಸುಲಿತಾವು ಅದಕ್ಕ ಬಟ್ಟಿ ಟೇಪು. ಗಾಳಿ ಒಣದು, ಬೆವರು ಗೊತ್ತಾಗೂದಿಲ್ಲ, ತಾಸಿಗೊಮ್ಮೆ ನೀರು ಕುಡೀರಿ. ಹೆಣ್ಣಮಕ್ಕಳಿಗೆ ಇನ್ನೊಂದು ಮಾತು, ಸಣ್ಣ ಸೈಜಿನ ಹಾರ್ನೆಸ್ ಅವರ ಹತ್ರ ಎರಡ ಇದ್ವು, ನಾ ಹತ್ತ ಗಂಟೆಕ್ಕ ಹೋದ್ರ ಎರಡೂ ಹೋಗಿರತಿದ್ವು, ಬುಕ್ ಮಾಡೂವಾಗ ನಡದ ಅಳತಿ ಬರದ ಕಳಸ್ರಿ, ಎತ್ತಿ ಇಡತಾರ.